ಲ್ಯಾಟಿನ್ ಬೇರುಗಳ ಪಟ್ಟಿ ಬಾಯಿಪಾಠ ಮಾಡಿದರೆ ಫಿಯರ್ಸ್, ಫೆರೋಶಿಯಸ್, ಸ್ಯಾವೇಜ್ ಥರದ ಇಂಗ್ಲಿಷ್ ಪದಗಳು ನೆನಪಿನಲ್ಲಿ ಉಳಿಯುತ್ತವೆಯೇ?

ಉಳಿಯುವುದಿಲ್ಲ. ಆ ಪಟ್ಟಿ ಬಿಸಾಡಿ. ನಿಮ್ಮ ಪಟ್ಟಿಯಲ್ಲಿ ನೀವು ಹಾಕಿರುವ ‘ಸೈವುಸ್‌ನಿಂದ ಸ್ಯಾವೇಜ್’ ಎಂಬ ಸಾಲು ನನ್ನ ಹಳೆಯ ನೋಟ್‌ಬುಕ್ಕಿನಲ್ಲೂ ಇತ್ತು. ಅದನ್ನು ನಂಬಿ ಬರೆದ ಇಡೀ ಟಿಪ್ಪಣಿಯನ್ನು ಹರಿದುಹಾಕಬೇಕಾಯಿತು.

ತಪ್ಪು ಎಲ್ಲಿ ಎಂದು ಬಿಡಿಸಿ ಹೇಳುತ್ತೇನೆ. ಲ್ಯಾಟಿನ್‌ನಲ್ಲಿ ಸೈವುಸ್ ಎಂದರೆ ಕ್ರೂರ, ಕೆರಳಿದ. ಸ್ಯಾವೇಜ್ ಎಂದರೂ ಹೆಚ್ಚುಕಮ್ಮಿ ಅದೇ. ಮೊದಲಲ್ಲಿ ಸಕಾರ, ನಡುವೆ ವಕಾರ. ಅರ್ಥ, ಸದ್ದು ಎರಡೂ ಹೀಗೆ ಕೂಡಿಬಂದಾಗಲೇ ಕಾಲು ಜಾರುವುದು. ಸ್ಯಾವೇಜ್ ಹುಟ್ಟಿದ್ದು ಕಾಡಿನಲ್ಲಿ. ಸಿಲ್ವಾ ಎಂದರೆ ಕಾಡು. ಅದರಿಂದ ಸಿಲ್ವಾಟಿಕುಸ್, ಮುಂದೆ ಇಕಾರ ಅಕಾರವಾಗಿ ಸಲ್ವಾಟಿಕುಸ್, ಫ್ರೆಂಚಿನಲ್ಲಿ ಲಕಾರ ಕರಗಿ ಸೋವಾಜ್, ಆಮೇಲೆ ಇಂಗ್ಲಿಷ್. ನಮ್ಮಲ್ಲಿ ಒರಟನನ್ನು ‘ಕಾಡು ಮನುಷ್ಯ’ ಅನ್ನುತ್ತೇವಲ್ಲ, ಅದೇ ಜಾಡು. ಪಾಪ, ಸೈವುಸ್‌ಗೆ ದಿನಬಳಕೆಯ ಇಂಗ್ಲಿಷಿನಲ್ಲಿ ಸಂತಾನವೇ ಇಲ್ಲ.

ಫೆರುಸ್ ಎಂದರೆ ಪಳಗದ್ದು. ಅದರ ಬಳಗದ್ದೇ ಫೆರೋಕ್ಸ್. ಲ್ಯಾಟಿನ್ ನಿಘಂಟು ತೆರೆದರೆ ಪ್ರಥಮಾ ವಿಭಕ್ತಿಯ ರೂಪದ ಪಕ್ಕದಲ್ಲೇ ಷಷ್ಠಿಯೂ ಇರುತ್ತದೆ: ಫೆರೋಕ್ಸ್, ಫೆರೋಕಿಸ್. ಕೊನೆಯ ‘ಇಸ್’ ಕತ್ತರಿಸಿ, ಉಳಿದ ‘ಫೆರೋಕ್’ ಬರೆದುಕೊಳ್ಳಿ. ಫೆರೋಶಿಯಸ್ ಚಿಗುರಿದ್ದು ಅಲ್ಲಿಂದ. ಸಂಸ್ಕೃತದ ವಾಕ್ ಷಷ್ಠಿಯಲ್ಲಿ ವಾಚಃ ಆಗುತ್ತದೆ, ವಾಚಾಳಿ ಬಂದದ್ದು ಆ ಚಕಾರದಿಂದ, ಹಾಗೆಯೇ ಇದು. ಅತ್ರೋಕ್ಸ್, ಅತ್ರೋಕಿಸ್‌ನಿಂದ ಅಟ್ರೋಶಿಯಸ್ (ಘೋರ); ಟ್ರುಕ್ಸ್, ಟ್ರುಕಿಸ್ ಬಳಗದಿಂದ ಟ್ರಕ್ಯುಲೆಂಟ್ (ಜಗಳಗಂಟ).

ಫೆರೋಕ್ಸ್‌ನ ‘ಓಕ್ಸ್’ ಬಾಲ ನೋಟಕ್ಕೆ ಸಂಬಂಧಿಸಿದ್ದು, ನಮ್ಮ ಅಕ್ಷಿಯ ದಾಯಾದಿ. ವಿರೂಪಾಕ್ಷ ಎಂಬುದನ್ನು ಬಿಡಿಸುವಂತೆಯೇ ಬಿಡಿಸಿ: ಫೆರೋಕ್ಸ್ ಕಾಡುನೋಟದವನು, ಅತ್ರೋಕ್ಸ್ ಕರಿನೋಟದವನು. ಇಷ್ಟು ಗೊತ್ತಾದರೆ ಬಾಯಿಪಾಠ ಯಾಕೆ ಬೇಕು?

ಫಿಯರ್ಸ್ ಮಾತ್ರ ಷಷ್ಠಿಯ ಲೆಕ್ಕಕ್ಕೆ ಸಿಗದು. ಅದು ಫೆರುಸ್‌ನದೇ ಕುಡಿ, ಆದರೆ 13ನೇ ಶತಮಾನದಲ್ಲೇ ಹಳೆಯ ಫ್ರೆಂಚಿನಿಂದ ಬಂದದ್ದು. ಕೊನೆಯ ಸಕಾರ ಅಲ್ಲಿನ ಪ್ರಥಮಾ ಪ್ರತ್ಯಯ. ಕಳಚದೆ ಅಂಟಿಕೊಂಡೇ ಬಂತು. ಆಗ ಅದಕ್ಕೆ ಶೂರ, ಗರ್ವಿಷ್ಠ ಎಂಬ ಅರ್ಥಗಳೂ ಇದ್ದವು. ಇಂದಿಗೂ ಫ್ರೆಂಚಿನ ‘ಫಿಯೆರ್’ ಎಂದರೆ ಹೆಮ್ಮೆಯವನು. ಫೆರೋಶಿಯಸ್ 17ನೇ ಶತಮಾನದಲ್ಲಿ ಪಂಡಿತರು ಲ್ಯಾಟಿನ್‌ನಿಂದ ನೇರ ತಂದದ್ದು.

ನಿಮ್ಮ ಪಟ್ಟಿಯಲ್ಲಿ ರಸಾಯನಶಾಸ್ತ್ರದ ಫೆರಸ್ ಕೂಡ ಇದೇ ಗುಂಪಿನಲ್ಲಿದೆ. ಅದನ್ನು ಹೊಡೆದುಹಾಕಿ. ಅದು ಕಬ್ಬಿಣದ ಫೆರ್ರುಮ್, ಅಲ್ಲಿ ರಕಾರ ಎರಡು.