ಮಳೆಗಾಲದಲ್ಲಿ ಸೋತ ಬಿಲ್ಲಿನಿಂದ ಶುರು ಮಾಡಿ

ಪ್ರಿಯ ಗೆಳೆಯರೆ,

ಹಿಕರಿ ಮರದ ಬಿಲ್ಲಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಮಾಡಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ಅಲ್ಲಿರುವುದು ಏಕಲವ್ಯ, ಗಾಂಡೀವ, ಆಮೇಲೆ ಸುರಪುರವನ್ನು ಆಳಿದ ನಾಯಕರು. ನೀವು ಸುರಪುರದವರು, ಆ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಹಿಕರಿ ಉತ್ತರ ಅಮೆರಿಕದ ಮರ. ನಮ್ಮ ಚಿಂಚೋಳಿ ಕಾಡಿನಲ್ಲಿ ಅದು ಬೆಳೆಯುವುದಿಲ್ಲ. ನಾಯಕರ ಬಿಲ್ಲಿನ ಪಕ್ಕ ಅದನ್ನು ತಂದಿಟ್ಟರೆ ಓದುವವರು ತಪ್ಪು ತಿಳಿಯುತ್ತಾರೆ. ನಮ್ಮ ದೇಶದಲ್ಲಿ ಬಿಲ್ಲಿಗೆ ಹೆಸರಾದ ಮರ ತಡಸಲು. ಅದರ ಬಗ್ಗೆ ಬೇರೆಯೇ ಲೇಖನ ಬರೆಯಿರಿ, ನಾನು ಖುಷಿಯಿಂದ ಓದುತ್ತೇನೆ.

ಮೂರನೆಯ ಪುಟದಲ್ಲಿ ಮರ ಕಡಿದು, ಸೀಳಿ, ಹುಳ ಬೀಳದಂತೆ ತೊಗಟೆ ಸುಲಿದು, ತುದಿಗಳಿಗೆ ಮೇಣ ಬಳಿದು, ನೆರಳಲ್ಲಿ ವರ್ಷಗಟ್ಟಲೆ ಒಣಗಿಸುವುದನ್ನು ವಿವರಿಸಿದ್ದೀರಿ. ಮಾಹಿತಿ ಸರಿಯಾಗಿದೆ. ಆದರೆ ನೀವು ಮರ ಕಡಿದೇ ಇಲ್ಲ ಅಲ್ವಾ? ನಿಮ್ಮ ಕೈಗೆ ಬಂದದ್ದು ಭಟ್ಟಿಯಲ್ಲಿ ಒಣಗಿಸಿದ ಹಲಗೆ. ಮುಂದಿನ ಪುಟದಲ್ಲಿ ನೀವೇ ಹೇಳಿದ್ದೀರಿ. ಮಾಡದ ಕೆಲಸವನ್ನು ಬರೆದ ಕಡೆ ವಾಕ್ಯಗಳಲ್ಲಿ ಜೀವ ಇಲ್ಲ. ಹಲಗೆ ಬಂದ ಕೂಡಲೇ ಜೀವ ಬಂತು.

'ಒಳ್ಳೆಯ ಹಲಗೆ ಆರಿಸಿದೆ' ಎಂದು ಸುಮ್ನೆ ಮುಂದೆ ಹೋಗಿದ್ದೀರಿ. ಹೇಗೆ ಆರಿಸಿದಿರಿ? ಮರದ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೇರ ಓಡಿದ್ದವಾ, ನಡುವೆ ಅಂಚಿಗೆ ಹೊರಳಿದ್ದವಾ? ಗಂಟು ಇತ್ತಾ? ಬಿಲ್ಲು ಹೆಚ್ಚಾಗಿ ಮುರಿಯುವುದು ಎಳೆ ಹೊರಳಿದ ಜಾಗದಲ್ಲೇ. ಅಲ್ಲಿ ನಿಮ್ಮ ಬೆರಳು ಎಲ್ಲಿ ನಿಂತಿತು ಎಂದು ಬರೆಯಿರಿ.

ಈಗ ಮುಖ್ಯ ಮಾತು. ಕೊನೆಯ ಪುಟದಲ್ಲಿ ಒಂದೇ ಸಾಲು ಇದೆ: 'ಬೇಸಿಗೆಯಲ್ಲಿ ಚೆನ್ನಾಗಿದ್ದ ಬಿಲ್ಲು ಮಳೆಗಾಲದಲ್ಲಿ ಸೋತಿತು, ಹುರಿ ಬಿಚ್ಚಿದರೂ ಬಾಗಿಯೇ ಇತ್ತು.' ನಿಮ್ಮ ಲೇಖನ ಇದೇ! ಇದನ್ನು ಮುಚ್ಚಿಡುವ ಹಾಗೆ ಬರೆದಿದ್ದೀರಿ, ನಾಚಿಕೆ ಯಾಕೆ?

ಬಿಲ್ಲು ಎಳೆದಾಗ ಅದರ ಬೆನ್ನು ಹಿಗ್ಗುತ್ತದೆ, ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಹಿಗ್ಗುವುದರಲ್ಲಿ ಹಿಕರಿ ಬಹಳ ಗಟ್ಟಿ. ಕೊಡಲಿ, ಸುತ್ತಿಗೆಗಳ ಹಿಡಿಗೆ ಅದನ್ನು ಬಳಸುವುದೂ ಆ ನಾರಿನ ಗಟ್ಟಿತನಕ್ಕೇ. ಆದರೆ ಅದು ಗಾಳಿಯ ತೇವ ಕುಡಿಯುತ್ತದೆ. ತೇವ ಜಾಸ್ತಿಯಾದರೆ ಹೊಟ್ಟೆಯ ಕಡೆಯ ನಾರು ಒತ್ತಡಕ್ಕೆ ಜಜ್ಜಿ ಕುಗ್ಗುತ್ತದೆ, ಮತ್ತೆ ಮೊದಲಿನ ಹಾಗೆ ಚಾಚುವುದಿಲ್ಲ. ಕಲಬುರಗಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಗೆದ್ದ ಬಿಲ್ಲು ಆಗಸ್ಟ್‌ನಲ್ಲಿ ಸೋತದ್ದು ಇದಕ್ಕೇ. ನಮ್ಮ ಊರುಗಳ ಹವೆಯೇ ಇಲ್ಲಿ ಒಂದು ಪಾತ್ರ, ನೋಡಿ.

ನಮ್ಮ ಓದುಗರಿಗೆ ಇದನ್ನು ತೊಗರಿಯಿಂದ ಹೇಳಬಹುದು. ಖರೀದಿ ಕೇಂದ್ರದಲ್ಲಿ ತೇವಾಂಶ ಶೇ. 12 ದಾಟಿದರೆ ಚೀಲ ವಾಪಸ್. ಹಿಕರಿ ಬಿಲ್ಲಿಗೆ ಅಷ್ಟೂ ಜಾಸ್ತಿಯೇ, ಶೇ. 6ರಿಂದ 8 ಇದ್ದರೆ ಒಳ್ಳೆಯದು. ಲೆಕ್ಕ ಹಾಕುವುದನ್ನೂ ತೋರಿಸಿ: ಅದೇ ಹಲಗೆಯ 108 ಗ್ರಾಂ ತುಂಡನ್ನು ಓವನ್‌ನಲ್ಲಿ ಸುಮಾರು 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟಾಗ 100 ಗ್ರಾಂ ಉಳಿದರೆ, ಒಣ ತೂಕದ ಲೆಕ್ಕದಲ್ಲಿ ತೇವಾಂಶ ಶೇ. 8.

ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಹಲಗೆ ತೂಗಿದೆ ಎಂದಿದ್ದೀರಿ. ಆ ತೂಕಗಳೆಲ್ಲ ಎಲ್ಲಿ? ತೂಕ ಇಳಿಯುವುದು ಯಾವ ವಾರ ನಿಂತಿತು, ಮಳೆ ಹಿಡಿದ ಮೇಲೆ ಎಷ್ಟು ಏರಿತು? ಬರೆದಿಟ್ಟ ಹಾಳೆ ಇದ್ದರೆ ಅದರ ಫೋಟೊ ತೆಗೆದು, ತಿದ್ದಿದ ಪ್ರತಿಯ ಜೊತೆ ಕಳಿಸಿ.