ಆಟಿಸಂ ಇದೆಯೆಂದು 38ಕ್ಕೆ ತಿಳಿಯಿತು: ಆಫೀಸಿಗೆ ಹೇಳಲೇ, ಅಪ್ಪನಿಗೆ ಹೇಳಲೇ?

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ವಯಸ್ಸು 38. ಮಗನಿಗೆ ಆಟಿಸಂ ಎಂದು ಗೊತ್ತಾದ ಮೇಲೆ ನಾನೂ ಮನೋವೈದ್ಯರ ಬಳಿ ಹೋದೆ. ನನಗೂ ಇದೆ ಎಂದರು. ಟೀಮ್ ಲೀಡ್ ಆದಾಗಿನಿಂದ ಕುಸಿಯುತ್ತಿದ್ದೇನೆ, ಕೆಲಸ ಬಿಡೋಣ ಅನ್ನಿಸುತ್ತಿದೆ. ಹೆಂಡತಿ ‘ನಿಮಗೊಂದು ನೆಪ ಸಿಕ್ಕಿತು’ ಎನ್ನುತ್ತಾಳೆ. ಯಾರ ಮನೆಗೂ ಹೋಗದ, ಊಟ ಹತ್ತು ನಿಮಿಷ ತಡವಾದರೆ ರೇಗುತ್ತಿದ್ದ ಅಪ್ಪನಿಗೂ ಇದೇ ಇತ್ತೇನೋ. ಅವರಿಗೆ ಹೇಳಲೇ? ಆಫೀಸಿನಲ್ಲಿ ಹೇಳಲೇ?
– ಹೆಸರು ಬೇಡ

ಉತ್ತರ: ರಾಜೀನಾಮೆ ಈಗ ಬೇಡ. ಕೋಡ್ ಬರೆಯುವಷ್ಟು ದಿನ ಚೆನ್ನಾಗಿದ್ದವರು ಲೀಡ್ ಆದ ಕೂಡಲೇ ಸೋಲುವುದು ಆಟಿಸಂ ಇರುವ ವಯಸ್ಕರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಬಾಲ್ಯದಿಂದಲೂ ಇದ್ದದ್ದು, ಜನರೊಂದಿಗಿನ ಒಡನಾಟದ ಭಾರ ತಾಳುವ ಶಕ್ತಿಯನ್ನು ಮೀರಿದಾಗ ಎದ್ದು ಕಾಣುತ್ತದೆ.

ಎರಡು ವಾರ ಒಂದು ಪಟ್ಟಿ ಇಡಿ. ಅರ್ಧ ಗಂಟೆಗೊಮ್ಮೆ ಏನು ಮಾಡುತ್ತಿದ್ದಿರಿ, ಸುಸ್ತು 0ಯಿಂದ 5ರಲ್ಲಿ ಎಷ್ಟು ಎಂದಷ್ಟೇ ಬರೆಯಿರಿ. ಬಹುಶಃ ಕೆಲಸಕ್ಕಿಂತ ಹೆಚ್ಚಾಗಿ ನಡುನಡುವೆ ಬರುವ ಕಾಲ್, ಮುನ್ಸೂಚನೆಯಿಲ್ಲದ ಮೀಟಿಂಗ್, ಪ್ಯಾಂಟ್ರಿ ಪಕ್ಕದ ಸೀಟಿನ ಗದ್ದಲವೇ ನಿಮ್ಮನ್ನು ಹಿಂಡುತ್ತಿರುತ್ತವೆ.

ಆ ಪಟ್ಟಿ ಹಿಡಿದು ಮ್ಯಾನೇಜರಿಗೆ ಮೇಲ್ ಬರೆಯಿರಿ. ‘ಸ್ವಲ್ಪ ಸಪೋರ್ಟ್ ಬೇಕು’ ಎಂದರೆ ಅವರು ತಲೆಯಾಡಿಸಿ ಮರೆತುಬಿಡುತ್ತಾರೆ. ಮೀಟಿಂಗಿನ ವಿಷಯ ಹಿಂದಿನ ದಿನವೇ ಬರಹದಲ್ಲಿ ಬರಲಿ, ಮಧ್ಯಾಹ್ನ 2ರಿಂದ 4ರವರೆಗೆ ಕಾಲ್ ಬೇಡ, ಸೀಟು ಮೂಲೆಗೆ ಬದಲಾಗಲಿ, ಆರು ವಾರ ನೋಡೋಣ ಎಂದು ಕೇಳಿ. ಇಷ್ಟಕ್ಕೆ ಆಟಿಸಂ ಎಂಬ ಮಾತೇ ಎತ್ತಬೇಕಿಲ್ಲ. ಒಮ್ಮೆ ಹೇಳಿದ್ದನ್ನು ವಾಪಸ್ ಪಡೆಯಲಾಗದು, ಹಾಗಾಗಿ ಕೇಳಿದ್ದು ಸಿಗದಿದ್ದಾಗ ಮಾತ್ರ ಎಚ್‌ಆರ್‌ಗೆ ಹೇಳಿ, ಅದೂ ಬರಹದಲ್ಲಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆಟಿಸಂ ಸೇರಿದೆ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಕಂಪನಿ ಸಮಾನ ಅವಕಾಶ ನೀತಿ ಪ್ರಕಟಿಸಿರಬೇಕು. ಮೊದಲು ಅದನ್ನು ಓದಿ. ವೈದ್ಯರ ವರದಿಯೇ ಅಂಗವಿಕಲತೆಯ ಪ್ರಮಾಣಪತ್ರವಲ್ಲ. ಅದಕ್ಕೆ ಯುಡಿಐಡಿ ಎಂಬ, ಅಂಗವಿಕಲರ ಗುರುತಿನ ಚೀಟಿಯ ಸರ್ಕಾರಿ ಪೋರ್ಟಲ್‌ನಲ್ಲಿ ಬೇರೆ ಅರ್ಜಿ ಹಾಕಬೇಕು. ಅದರಲ್ಲಿ ಅಂಗವಿಕಲತೆಯ ಪ್ರಮಾಣ ಶೇ 40ಕ್ಕಿಂತ ಕಡಿಮೆ ಬಂದರೆ ಮೀಸಲಾತಿಯೂ ಇಲ್ಲ, ಅಂಗವಿಕಲರಿಗಿರುವ ಆದಾಯ ತೆರಿಗೆ ಕಡಿತವೂ ಇಲ್ಲ.

ಆರು ವಾರದ ನಂತರವೂ ಹಾಗೇ ಇದ್ದರೆ ಜನರನ್ನು ನಿಭಾಯಿಸುವ ಹುದ್ದೆ ಬಿಟ್ಟು ಆರ್ಕಿಟೆಕ್ಟ್‌ನಂಥ ತಾಂತ್ರಿಕ ಹುದ್ದೆ ಕೇಳಿ. ಅದು ಹಿಂಬಡ್ತಿಯಲ್ಲ.

ನಿಮ್ಮ ಹೆಂಡತಿಯ ಮಾತು ಕಹಿ, ಆದರೆ ಅದರ ಹಿಂದೆ ವರ್ಷಗಟ್ಟಲೆ ಒಬ್ಬರೇ ಮದುವೆ-ಮುಂಜಿಗೆ ಹೋಗಿಬಂದ ದಣಿವಿದೆ ಎಂದು ನನಗನ್ನಿಸುತ್ತದೆ. ಅವರಿಗೆ ವಿವರಣೆ ಸಾಕಾಗದು, ನಡವಳಿಕೆ ಬದಲಾಗಬೇಕು. ಆಫೀಸಿನಿಂದ ಬಂದು ಮಾತಿಲ್ಲದೆ ಕೋಣೆ ಸೇರಿದರೆ ಅದು ಮುನಿಸಿನಂತೆಯೇ ಕಾಣುತ್ತದೆ. ‘ಮೂವತ್ತು ನಿಮಿಷ, ಏಳೂವರೆಗೆ ಬರುತ್ತೇನೆ’ ಎಂದು ಹೇಳಿ ಹೋಗಿ, ಏಳೂವರೆಗೆ ಬನ್ನಿ. ಮದುವೆಗೆ ಹೋದರೆ ಓಲಗ, ಸ್ಪೀಕರ್‌ಗಳಿಂದ ದೂರ ಕೂತು, ಮುಹೂರ್ತ ಮುಗಿಸಿ, ಮೊದಲ ಪಂಕ್ತಿಯಲ್ಲೇ ಊಟ ಮಾಡಿ ಹೊರಡುವುದೆಂದು ಮನೆಯಲ್ಲೇ ಮಾತಾಡಿಕೊಳ್ಳಿ. ಆಟಿಸಂ ಗದ್ದಲ ತಾಳಲಾರದ್ದಕ್ಕೆ ಕಾರಣವಾದೀತು, ಮಗನ ಥೆರಪಿಯ ಓಡಾಟವೆಲ್ಲ ಅವರೊಬ್ಬರ ಮೇಲೆ ಬೀಳುವುದಕ್ಕಲ್ಲ.

ಹಿಂದಿನದೆಲ್ಲ ನೆನಪಾಗಿ ದುಃಖ, ಸಿಟ್ಟು ಬರುವುದು ಸಹಜ. ನಿದ್ದೆ ಎರಡು ವಾರ ಕೆಟ್ಟರೆ ವೈದ್ಯರನ್ನು ಮತ್ತೆ ಕಾಣಿ. ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಅಪ್ಪ. ಆಟಿಸಂ ವಂಶದಲ್ಲಿ ಹರಿದುಬರುವುದು ನಿಜ, ಆದರೂ ನೆನಪುಗಳ ಮೇಲೆ ನೀವು ಅವರಿಗೆ ರೋಗನಿರ್ಣಯ ಮಾಡಲಾಗದು. ಅವರ ರೇಗಾಟಕ್ಕೆ ಕಾರಣ ಹೊಳೆದ ಮಾತ್ರಕ್ಕೆ ನಿಮಗಾದ ನೋವು ಇಲ್ಲವಾಗಬೇಕೆಂದೂ ಇಲ್ಲ. ಊರಿಗೆ ಹೋದಾಗ ಮೊಮ್ಮಗನ ವಿಷಯದ ಜತೆ ನಿಮ್ಮದನ್ನೂ ಹೇಳಿ. ‘ನಾನೂ ಹಾಗೇ ಇದ್ದೆ’ ಎಂದು ಅವರಾಗಿಯೇ ಅಂದರೆ ಶಾಲೆಯ ದಿನಗಳ ಬಗ್ಗೆ ಕೇಳುತ್ತಾ ಹೋಗಿ. ಅನ್ನದಿದ್ದರೆ ಒತ್ತಾಯಿಸಬೇಡಿ, ಊಟ ಹೊತ್ತಿಗೆ ಸರಿಯಾಗಿ ಬಡಿಸಿ, ನೆಂಟರು ಬರುವುದನ್ನು ಹಿಂದಿನ ದಿನವೇ ತಿಳಿಸಿ.