ಸಸ್ಯಾಹಾರಿ ದೋಸೆ ಹೋಟೆಲಿಗೆ ಕೋಷರ್ ಸರ್ಟಿಫಿಕೇಟ್ ತಗೊಂಡರೆ ಎಲ್ಲರೂ ಬರುತ್ತಾರಾ?

ನ್ಯೂಜೆರ್ಸಿಯ ಎಡಿಸನ್-ಹೈಲ್ಯಾಂಡ್ ಪಾರ್ಕ್ ಗಡಿಯಲ್ಲಿ ದೋಸೆ ಹೋಟೆಲ್, ಒಂದು ಕಡೆ ನಮ್ಮವರು, ಇನ್ನೊಂದು ಕಡೆ ಯಹೂದಿಗಳು, ಸಸ್ಯಾಹಾರ ಅಂದ ಮೇಲೆ ಹೇಗೂ ಕೋಷರ್ (ಯಹೂದಿಗಳ ಆಹಾರ ನಿಯಮಕ್ಕೆ ಒಪ್ಪುವಂಥದ್ದು) ತಾನೇ, ಸರ್ಟಿಫಿಕೇಟ್ ಕೊಡುವ ಯಾವ ಏಜೆನ್ಸಿ ಅಗ್ಗ ಅಂತ ಕೇಳಿದ್ದೀರಿ. ಆ ‘ಹೇಗೂ’ ಓದಿ ನಗು ಬಂತು. ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನದು ಕುಂದಾಪುರದ ಕಡೆ. ಮ್ಯಾನ್‌ಹ್ಯಾಟನ್‌ನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ, ಜನ ಕರಿ ಹಿಲ್ ಅನ್ನುವ ಜಾಗದಲ್ಲಿ, ಹನ್ನೊಂದು ವರ್ಷ ಒಂದು ಸಣ್ಣ ಹೋಟೆಲ್ ನಡೆಸಿದೆ. ಆ ಬೀದಿ ಮೊದಲು ಅರ್ಮೇನಿಯನ್ನರದ್ದು. ಇವತ್ತು ನಾವೆಲ್ಲ ಹುಣಸೆಹಣ್ಣು, ಇಂಗು ತರೋಕೆ ಓಡುವ ಕಲುಸ್ತಿಯನ್ಸ್ ಅಂಗಡಿಯನ್ನು 1944ರಲ್ಲಿ ಶುರು ಮಾಡಿದ್ದು ಅರ್ಮೇನಿಯನ್ ಮನುಷ್ಯ. (ಅದೇ ಕಟ್ಟಡದಲ್ಲಿ 1881ರಲ್ಲಿ ಚೆಸ್ಟರ್ ಆರ್ಥರ್ ಅಮೆರಿಕದ ಅಧ್ಯಕ್ಷನಾಗಿ ಪ್ರಮಾಣವಚನ ತಗೊಂಡನಂತೆ. ಕೊತ್ತಂಬರಿ ಬೀಜ ಕೊಳ್ಳುವಾಗ ಯಾರಿಗೆ ನೆನಪಿರುತ್ತೆ.) ಆಮೇಲೆ ನಮ್ಮವರು ಬಂದರು, ಟ್ಯಾಕ್ಸಿ ಓಡಿಸುವವರು ಬಂದರು, ಅವರಿಗಾಗಿ ಬಿರಿಯಾನಿ ಅಂಗಡಿಗಳು ಬಂದವು. ನಾನು ಬಾಗಿಲು ಹಾಕುವ ಹೊತ್ತಿಗೆ ದೊಡ್ಡ ಬಾಡಿಗೆಯ ಫ್ಲ್ಯಾಟುಗಳು ಬಂದಿದ್ದವು. ಆದರೆ ಹತ್ತು ನಿಮಿಷ ನಡೆದರೆ ಯಹೂದಿ ಹೆಣ್ಣುಮಕ್ಕಳ ಸ್ಟರ್ನ್ ಕಾಲೇಜು. ನಾನು ಸರ್ಟಿಫಿಕೇಟ್ ತಗೊಂಡಿದ್ದೇ ಆ ಮಕ್ಕಳನ್ನು ನೋಡಿ. ಸಂಸ್ಕೃತಿ ಬೆಸೆಯೋಕಲ್ಲ, ಗಲ್ಲಾಪೆಟ್ಟಿಗೆಗೆ.

ಮೊದಲು ‘ಹೇಗೂ’ ವಿಷಯ ಮುಗಿಸುತ್ತೇನೆ. ಬೇಳೆ, ಅಕ್ಕಿ, ತರಕಾರಿ ಸರಿ. ಆದರೆ ಹುಳ ಸರಿಯಲ್ಲ. ಕೊತ್ತಂಬರಿ, ಕರಿಬೇವು, ಹೂಕೋಸಿನಲ್ಲಿ ಕಣ್ಣಿಗೆ ಕಾಣುವ ಒಂದು ಹುಳ ಇದ್ದರೂ ಆಗಲ್ಲ. ನಮ್ಮ ಮಶ್ಗಿಯಾಖ್, ಅಂದರೆ ಅಡುಗೆಮನೆ ಮೇಲ್ವಿಚಾರಕರು, ಒಂದೊಂದು ಕಟ್ಟನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು. ಬೆಳಿಗ್ಗೆ ಒಲೆ ಹಚ್ಚುವುದು ಅವರೇ, ನಾವು ಹಚ್ಚುವ ಹಾಗಿಲ್ಲ. ದ್ರಾಕ್ಷಿಯಿಂದ ಮಾಡಿದ ವಿನೆಗರ್‌ಗೆ ಬೇರೆ ನಿಯಮ. ಪನೀರಿಗೆ ಬೇರೆ ಚರ್ಚೆ. ಹೊರಗಿನ ಊಟದ ಡಬ್ಬಿ ಅಡುಗೆಮನೆಯೊಳಗೆ ತರುವ ಹಾಗಿಲ್ಲ, ನಮ್ಮ ಹುಡುಗರು ಫುಟ್‌ಪಾತಿನಲ್ಲಿ ನಿಂತು ತಿನ್ನುತ್ತಿದ್ದರು. ತುಪ್ಪ ಬಳಸುತ್ತೇವೆ, ಹಾಗಾಗಿ ನಮ್ಮದು ಹಾಲಿನ ಹೋಟೆಲ್, ಅವರಲ್ಲಿ ಹಾಲು-ಮಾಂಸ ಕೂಡಿಸುವ ಹಾಗಿಲ್ಲ. ಮಧ್ಯಾಹ್ನ ಮಾಂಸ ತಿಂದವರು ಕೆಲವರು ಆರು ಗಂಟೆ, ಕೆಲವರು ಮೂರು ಗಂಟೆ ಬಿಟ್ಟೇ ಬರಬೇಕು. ಬಾಗಿಲಲ್ಲೇ ನಿಂತು ಗಡಿಯಾರ ನೋಡಿಕೊಂಡು, ಇನ್ನೂ ಇಪ್ಪತ್ತು ನಿಮಿಷ ಇದೆ ಅಂತ ಒಂದು ಸುತ್ತು ಹಾಕಿ ಬಂದವರಿದ್ದಾರೆ. ಪಾಸೋವರ್ ಅನ್ನುವ ಅವರ ಹಬ್ಬ ಬಂದರಂತೂ ಎಂಟು ದಿನ ನೊಣ ಹೊಡೆಯಬೇಕು. ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಇರುತ್ತೆ, ಆ ಹಬ್ಬದಲ್ಲಿ ಅದು ಯಾರಿಗೂ ಆಗಲ್ಲ. ಯುರೋಪಿನ ಮೂಲದವರಲ್ಲಿ ತುಂಬ ಜನ ಆಗ ಅಕ್ಕಿ, ಉದ್ದು ಕೂಡ ಮುಟ್ಟಲ್ಲ. ದೋಸೆಯಲ್ಲಿ ಇನ್ನೇನು ಉಳಿಯಿತು ಹೇಳಿ.

ಈಗ ನನ್ನ ತಪ್ಪು. ಒಂದು ಭಾನುವಾರ ಎಂಬತ್ತು ಜನರ ಆರ್ಡರ್ ಬಂತು. ಮದುವೆಯಾದ ಮೇಲೆ ಏಳು ದಿನ ವಧೂವರರಿಗೆ ನೆಂಟರು, ಸ್ನೇಹಿತರು ಔತಣ ಕೊಡುವ ಪದ್ಧತಿ ಅವರಲ್ಲಿದೆ, ಅಂಥದ್ದೊಂದು. ನಮ್ಮ ಕಾಲೇಜು ಗಿರಾಕಿಯೇ ಮದುಮಗಳು, ಬಿಸಿಬೇಳೆಬಾತೇ ಬೇಕು ಅಂದಿದ್ದಳಂತೆ. ನನ್ನ ಹತ್ತಿರ ಅಷ್ಟು ದೊಡ್ಡ ಪಾತ್ರೆ ಇರಲಿಲ್ಲ. ಪಕ್ಕದಲ್ಲಿ ಲಾಹೋರಿನವರ ಬಿರಿಯಾನಿ ಅಂಗಡಿ. ಆ ಭಾಯಿ ವಾರಕ್ಕೆರಡು ಸಲ ನಮ್ಮಲ್ಲಿ ಮಸಾಲೆದೋಸೆ ತಿನ್ನುವವರು, ಕೇಳಿದ ತಕ್ಷಣ ದೇಗ್, ಅಂದರೆ ಬಿರಿಯಾನಿ ಬೇಯಿಸುವ ದೊಡ್ಡ ಹಂಡೆ, ಕೊಟ್ಟರು. ಬಿಸಿನೀರು, ಸೋಪು, ಹುಣಸೆಹಣ್ಣು ಹಾಕಿ ನಾನೇ ಮೂರು ಸಲ ಉಜ್ಜಿದೆ. ಕನ್ನಡಿ ಥರ ಹೊಳೆಯುತ್ತಿತ್ತು.

ಇಲ್ಲೇ ನಾನು ಎಡವಿದ್ದು, ಸ್ವಲ್ಪ ಉದ್ದ ಆದರೂ ಓದಿ. ನಾನು ಯೋಚಿಸಿದ್ದು ಕೊಳೆಯ ಬಗ್ಗೆ. ಅವರ ನಿಯಮ ಕೊಳೆಯ ಬಗ್ಗೆ ಅಲ್ಲವೇ ಅಲ್ಲ. ಬಿಸಿಯಲ್ಲಿ ಪಾತ್ರೆ ತನ್ನೊಳಗೆ ಬೆಂದದ್ದರ ರುಚಿ ಹೀರಿಕೊಳ್ಳುತ್ತೆ, ಮುಂದೆ ಬಿಸಿಯಾದಾಗ ಬಿಟ್ಟುಕೊಡುತ್ತೆ ಅಂತ ಲೆಕ್ಕ. ಅದರಲ್ಲಿ ಬೆಂದಿದ್ದು ಹಲಾಲ್ ಮಾಂಸ, ಕೋಷರ್ ಅಲ್ಲ. ಅದರ ಮೇಲೆ ನಾನು ತುಪ್ಪದ ಬಾತ್ ಬೇಯಿಸಿದೆ. ಆ ಸೌಟು ಬೇರೆ ಪಾತ್ರೆಗೆ ಹೋಯಿತು, ಆ ಪಾತ್ರೆ ಬೇರೆ ಒಲೆಗೆ. ಅಷ್ಟೂ ಕೆಟ್ಟಿತು. ನಾಚಿಕೆಯ ವಿಷಯ ಏನೆಂದರೆ ಇದು ನನಗೆ ಗೊತ್ತಿಲ್ಲದ ಸಂಗತಿಯೇ ಅಲ್ಲ. ನಮ್ಮ ಅಜ್ಜಿ ಅನ್ನದ ಪಾತ್ರೆ ಮುಟ್ಟಿದ ಕೈಯನ್ನು ತೊಳೆಯದೆ ಹಾಲಿನ ಪಾತ್ರೆ ಮುಟ್ಟಲು ಬಿಡುತ್ತಿರಲಿಲ್ಲ. ಮುಸುರೆ ಅಂದರೆ ಗಲೀಜಲ್ಲ ಕಣೋ ಅಂತ ನೂರು ಸಲ ಹೇಳಿದ್ದರು. ಮುಸುರೆಯ ಮನೆಯಲ್ಲಿ ಬೆಳೆದವನು ನ್ಯೂಯಾರ್ಕಿಗೆ ಬಂದು ಹುಣಸೆಹಣ್ಣಿನಲ್ಲಿ ಉಜ್ಜಿ ‘ಕ್ಲೀನ್’ ಅಂದುಕೊಂಡೆ.

ಅಷ್ಟಕ್ಕೇ ಮುಗಿದಿದ್ದರೆ ಅದು ಪೆದ್ದುತನ. ಹತ್ತೂವರೆಗೆ ಮಶ್ಗಿಯಾಖ್ ವಾಪಸ್ ಬಂದರು, ಹೇಳದೆ ಕೇಳದೆ ಬರುವುದೇ ಅವರ ಕೆಲಸ. ದೇಗ್ ನೋಡಿ ಇದು ಯಾವುದು ಅಂದರು. ಹೊಸದು, ನಿನ್ನೆ ತಂದೆ ಅಂದೆ. ಸುಳ್ಳು ನಾಲಿಗೆ ತುದಿಯಲ್ಲೇ ಸಿದ್ಧವಿತ್ತು, ಅಂದರೆ ಪಾತ್ರೆ ತರುವಾಗಲೇ ನನಗೆ ಒಳಗೊಳಗೆ ಗೊತ್ತಿತ್ತು ಅಂತಲೇ ಅರ್ಥ, ಅಲ್ವಾ? ಅವರು ತಲೆಯಾಡಿಸಿ ಕೊತ್ತಂಬರಿ ಕಡೆ ತಿರುಗಿದರು. ಐದು ನಿಮಿಷಕ್ಕೆ ಪಕ್ಕದ ಅಂಗಡಿಯ ಹುಡುಗ ಹಿಂಬಾಗಿಲಲ್ಲಿ ತಲೆ ಹಾಕಿ, ಭಾಯ್, ದೇಗ್ ಎಷ್ಟು ಹೊತ್ತಿಗೆ ವಾಪಸ್ ಕೊಡ್ತೀರಂತೆ ಅಂತ ಕೇಳಿದ. ಹಿಂದಿಯಲ್ಲಿ ಕೇಳಿದ, ಆದರೆ ಬೆರಳು ತೋರಿಸಿದ್ದು ದೇಗ್ ಕಡೆಗೆ.

ಅವರು ಕೂಗಾಡಲಿಲ್ಲ. ಒಲೆ ಆರಿಸಿದರು. ಕಿಟಕಿಯಲ್ಲಿದ್ದ ಸರ್ಟಿಫಿಕೇಟ್ ಬಿಚ್ಚಿ ಮಡಚಿ ಚೀಲದಲ್ಲಿಟ್ಟುಕೊಂಡರು. ಆಮೇಲೆ ಹೇಳಿದ್ದು ಇಷ್ಟೇ: ಎಂಟು ಗಂಟೆಗೆ ಫೋನ್ ಮಾಡಿದ್ದರೆ ಕೋಷರ್ ಅಡುಗೆಯವರ ಹತ್ತಿರ ಪಾತ್ರೆ ಕೊಡಿಸುತ್ತಿದ್ದೆ. ಇಲ್ಲವಾದರೆ ನಿಮ್ಮ ಪಾತ್ರೆಯಲ್ಲೇ ನಾಲ್ಕು ಸಲ ಸ್ವಲ್ಪ ಸ್ವಲ್ಪ ಬೇಯಿಸಿ ಅಲ್ಯೂಮಿನಿಯಂ ಟ್ರೇಗೆ ತುಂಬಬಹುದಿತ್ತು. ಟ್ರೇ ನಮ್ಮ ಅಟ್ಟದ ಮೇಲೇ ಇದ್ದವು.

ಬಾತ್ ಕಸಕ್ಕೆ ಹೋಯಿತು. ಆ ಮನೆಯವರು ಪಿಜ್ಜಾ ತರಿಸಿಕೊಂಡರು. ಪಾತ್ರೆಗಳನ್ನು ಒಂದು ದಿನ ಪೂರ್ತಿ ಮುಟ್ಟದೆ ಇಟ್ಟು, ಕುದಿಯುವ ನೀರಿನಲ್ಲಿ ಮುಳುಗಿಸಿ, ಒಲೆಯ ಕಬ್ಬಿಣವನ್ನು ಕೆಂಪಗೆ ಕಾಯಿಸಿ ಮತ್ತೆ ಶುರು ಮಾಡಲು ಎರಡು ದಿನ ಸಾಕಾಯಿತು. ಕಾಗದ ಕಿಟಕಿಗೆ ವಾಪಸ್ ಬರೋಕೆ ಮೂರು ವಾರ ಹಿಡಿಯಿತು. ಜನ ವಾಪಸ್ ಬರೋಕೆ ಒಂದು ವರ್ಷ.

ಆ ಮೂರು ವಾರದಲ್ಲಿ ಗೊತ್ತಾಗಿದ್ದು, ಬಿಟ್ಟು ಹೋದವರು ಬರೀ ಯಹೂದಿಗಳಲ್ಲ ಅಂತ. ಗುಜರಾತಿ ಜೈನ ದಂಪತಿ ಬರಲಿಲ್ಲ, ಅಡುಗೆಮನೆಗೆ ಮಾಂಸ ಬರಲ್ಲ ಅಂತ ಅವರು ನಂಬಿದ್ದು ಆ ಕಾಗದ ನೋಡಿಯೇ. ಹಲಾಲ್ ಅಲ್ಲದ ಮಾಂಸದ ಭಯವಿಲ್ಲ ಅಂತ ಬರುತ್ತಿದ್ದ ಬಾಂಗ್ಲಾದೇಶದ ಡ್ರೈವರುಗಳು ಕೂಡ ಏನಾಯ್ತು ಅಂತ ಕೇಳಿದರು. ಬಿಡದೆ ಬಂದಿದ್ದು ಒಬ್ಬರು ಅಜ್ಜಿ, ಮುಂಬೈ ಕಡೆಯ ಬೆನೆ ಇಸ್ರೇಲ್ ಯಹೂದಿ. ಕೊಂಕಣದಲ್ಲಿ ಅವರ ಹಿಂದಿನವರು ಗಾಣದ ಕೆಲಸದವರು, ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ‘ಶನಿವಾರ ತೇಲಿ’ ಅನ್ನಿಸಿಕೊಂಡವರು. ನಮ್ಮ ಬೆಲ್ಲ-ಕಾಯಿ ಅವಲಕ್ಕಿ ನೋಡಿ, ಇದು ನಮ್ಮ ಮಲೀದಾ ಅಲ್ವಾ, ಪ್ರವಾದಿ ಎಲಿಯಾಹುವಿಗೆ ಇಡೋದು ಅಂದಿದ್ದರು. ಆ ಮೂರು ವಾರವೂ ಬಂದು ಬಾಟಲಿ ನೀರು ಮಾತ್ರ ಕುಡಿದು, ಟಿಪ್ಸ್ ಇಟ್ಟು ಹೋದರು.

ಹಾಗಾಗಿ, ಯಾವ ಏಜೆನ್ಸಿ ಅಗ್ಗ ಅನ್ನುವ ನಿಮ್ಮ ಪ್ರಶ್ನೆಯೇ ತಪ್ಪು. ಹೈಲ್ಯಾಂಡ್ ಪಾರ್ಕಿನಲ್ಲಿ ಒಂದು ಸಂಜೆ ನಿಂತು, ಯಾರ ಮುದ್ರೆ ಇದ್ದರೆ ನೀವು ತಿನ್ನುತ್ತೀರಿ ಅಂತ ನಾಲ್ಕು ಮನೆಯವರನ್ನು ಕೇಳಿ. ಎಲ್ಲ ಮುದ್ರೆಯನ್ನೂ ಎಲ್ಲರೂ ಒಪ್ಪಲ್ಲ. ಶನಿವಾರ ಬಾಗಿಲು ತೆರೆದಿಡಬಹುದಾ ಅನ್ನುವುದಕ್ಕೂ ಒಬ್ಬೊಬ್ಬರದು ಒಂದೊಂದು ಉತ್ತರ, ಬಾಡಿಗೆ ಲೆಕ್ಕ ಹಾಕುವ ಮೊದಲು ಅದನ್ನು ಕೇಳಿ. ನಿಮ್ಮ ಅಡುಗೆಮನೆಯಲ್ಲಿ ಇನ್ನೊಬ್ಬರ ಮಾತು ನಡೆಯುವುದು ನಿಮಗೆ ಆಗಲ್ಲ ಅಂದರೆ ಸರ್ಟಿಫಿಕೇಟ್ ಬೇಡ, ಸುಮ್ನೆ ಒಳ್ಳೆ ದೋಸೆ ಹಾಕಿ.

ಅಂದಹಾಗೆ ಕಾವಲಿ ಸೆಕೆಂಡ್ ಹ್ಯಾಂಡ್ ಸಿಗ್ತಿದೆ ಅಂತ ಬರೆದಿದ್ದೀರಲ್ಲ, ಅದರ ಮೇಲೆ ಮೊದಲು ಏನು ಬೇಯಿಸುತ್ತಿದ್ದರು ಅಂತ ಕೇಳಿದಿರಾ?